ಗುರಿ ತಪ್ಪಿದವನೇ ಗುರುವಾದ

ಓಡೋಡಿ ಬಂದವನ ಕೈಗೆ ಸೂಜಿ ಕೊಟ್ಟು, ಒಡನೆಯೇ ದಾರ ಪೋಣಿಸೆಂದರೆ ಹೇಗಾದೀತು? ಉಸಿರು ಏರಿರುತ್ತದೆ, ಕೈ ನಡುಗುತ್ತದೆ. ಬಯಾಥ್ಲಾನ್ ಎಂಬ ಕ್ರೀಡೆ ಬೇಡುವುದು ಇಂಥ ಕಾರ್ಯವನ್ನೇ. ಸ್ಪರ್ಧಿಯು ಬೆನ್ನಿಗೆ ಬಂದೂಕು ಹೊತ್ತು, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು, ಹಿಮದ ಏರಿಳಿತಗಳಲ್ಲಿ ಧಾವಿಸಬೇಕು. ನಡುನಡುವೆ ನಿಂತು 50 ಮೀಟರ್ ದೂರದ ಗುರಿಗೆ ಗುಂಡು ಹೊಡೆಯಬೇಕು. ಮಲಗಿ ಹೊಡೆಯುವ ಗುರಿಯ ವ್ಯಾಸ ಇಂದು ಕೇವಲ 45 ಮಿಲಿಮೀಟರ್. ತಪ್ಪಿದ ಗುಂಡಿಗೆ ದಂಡ ಖಚಿತ.

ಹಿಮವನ್ನೇ ಕಾಣದ ಕನ್ನಡ ನಾಡಿಗೆ ಈ ಆಟ ಅಪರಿಚಿತ. ಆದರೆ ಇದರಲ್ಲಿ ಕೀರ್ತಿಶಿಖರವನ್ನೇರಿದ ಜರ್ಮನಿಯ ಫ್ರಾಂಕ್ ಉಲ್ರಿಚ್ ಅವರ ಬದುಕು ನಮಗೂ ಮನನಯೋಗ್ಯವಾಗಿದೆ.

1958ರ ಜನವರಿಯಲ್ಲಿ, ಅಂದಿನ ಪೂರ್ವ ಜರ್ಮನಿಯ ಥುರಿಂಜಿಯಾ ಪ್ರಾಂತದ ಟ್ರೂಸೆಟಾಲ್ ಎಂಬಲ್ಲಿ ಉಲ್ರಿಚ್ ಜನಿಸಿದರು. ಹದಿನೆಂಟರ ಹರೆಯದಲ್ಲಿಯೇ, 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ರಿಲೇ ಸ್ಪರ್ಧೆಯಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮುಂದೆ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಒಂಬತ್ತು ಚಿನ್ನ, ವಿಶ್ವಕಪ್ ಸರಣಿಯಲ್ಲಿ ನಾಲ್ಕು ಬಾರಿ ಅಗ್ರಸ್ಥಾನ ಅವರದಾಯಿತು.

ಆದರೆ ಅವರ ಅಂತಃಸತ್ತ್ವ ಪರೀಕ್ಷೆಗೊಳಗಾದುದು 1980ರ ಫೆಬ್ರುವರಿಯಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ. 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಅವರ ವೇಗಕ್ಕೆ ಸಾಟಿಯಿರಲಿಲ್ಲ. ಆದರೆ ಗುರಿ ತಪ್ಪಿದ್ದಕ್ಕೆ ಮೂರು ನಿಮಿಷಗಳ ದಂಡ ಬಿದ್ದಿತು. ಒಂದು ಗುಂಡನ್ನೂ ತಪ್ಪದೆ ಹೊಡೆದ ಸೋವಿಯತ್ ಒಕ್ಕೂಟದ ಅನತೋಲಿ ಅಲ್ಯಾಬ್ಯೇವ್ ಚಿನ್ನ ಗೆದ್ದರು. ಉಲ್ರಿಚ್ ಹಿಂದುಳಿದದ್ದು 12 ಸೆಕೆಂಡಿಗೂ ಕಡಿಮೆ ಅಂತರದಿಂದ! ದಂಡದಲ್ಲಿ ಒಂದು ನಿಮಿಷ ಕಡಿಮೆಯಾಗಿದ್ದರೂ ಚಿನ್ನ ಅವರದಾಗುತ್ತಿತ್ತು.

ಮೂರೇ ದಿನಗಳ ಅನಂತರ 10 ಕಿಲೋಮೀಟರ್ ಸ್ಪ್ರಿಂಟ್ ಸ್ಪರ್ಧೆ. ಒಲಿಂಪಿಕ್ಸ್‌ಗೆ ಅದು ಸೇರ್ಪಡೆಯಾದುದು ಅದೇ ಮೊದಲು. ಅಂದೂ ಎರಡು ಗುಂಡುಗಳು ತಪ್ಪಿದವು. ತಪ್ಪಿಗೊಂದರಂತೆ 150 ಮೀಟರಿನ ದಂಡದ ಸುತ್ತುಗಳನ್ನು ಸುತ್ತಿ ಬಂದೂ ಉಲ್ರಿಚ್ 42 ಸೆಕೆಂಡುಗಳ ಅಂತರದಿಂದ ಚಿನ್ನ ಗೆದ್ದರು. ತಪ್ಪೇ ಮಾಡದವರು ವಿರಳ. ತಪ್ಪನ್ನು ಹಿಂದಿಕ್ಕಿ ಮುನ್ನಡೆಯುವವರೇ ಸಾಧಕರು.

ಸ್ಪರ್ಧೆಗೆ ವಿದಾಯ ಹೇಳಿದ ಮೇಲೆ ಅವರು ತರಬೇತಿಯ ಕಾಯಕಕ್ಕೆ ತೊಡಗಿದರು. 1998ರಿಂದ 2010ರವರೆಗೆ ಏಕೀಕೃತ ಜರ್ಮನಿಯ ಪುರುಷರ ತಂಡಕ್ಕೆ ಮಾರ್ಗದರ್ಶಕರಾದರು. ಬಂದೂಕು ತನ್ನ ಕೈಯಲ್ಲಿದ್ದಾಗ ಸೋಲು ಗೆಲವುಗಳೆರಡೂ ತನ್ನವು. ತರಬೇತುದಾರನಾದರೋ ಹಾದಿಯ ಬದಿಯಲ್ಲಿ ನಿಂತು, ಮತ್ತೊಬ್ಬರ ಉಸಿರಿನೊಡನೆ ತನ್ನ ಉಸಿರನ್ನೂ ಬಿಗಿಹಿಡಿಯಬೇಕು. ‘ನಾನು’ ಎಂಬುದು ಕರಗದೆ ಆ ಕಾಯಕ ಸಲ್ಲದು.

2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಈ ದುಡಿಮೆ ಫಲಿಸಿತು. ಅವರ ತಂಡದ ಮೈಕೆಲ್ ಗ್ರೈಸ್ ಮೂರು ಚಿನ್ನ ಗೆದ್ದರು. ಅದರಲ್ಲೊಂದು, ಉಲ್ರಿಚ್ ಕೈತಪ್ಪಿದ ಆ 20 ಕಿಲೋಮೀಟರ್ ಸ್ಪರ್ಧೆಯದೇ! ರಿಲೇಯಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಮೈಕೆಲ್ ರೋಷ್ ಎಂಬ ತರುಣನೂ ಇದ್ದ. ಆತನ ತಂದೆ ಎಬರ್‌ಹಾರ್ಡ್ ರೋಷ್, 1980ರಲ್ಲಿ ಅದೇ 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಉಲ್ರಿಚ್ ಅವರ ಹಿಂದೆಯೇ ಬಂದು ಕಂಚು ಪಡೆದ ಸಂಗಾತಿ. ಗೆಳೆಯನ ಮಗನ ಕೊರಳಲ್ಲಿ ಚಿನ್ನ ಕಾಣುವ ಭಾಗ್ಯ ಎಷ್ಟು ಗುರುಗಳಿಗೆ ದೊರೆತೀತು?

ಎಲ್ಲ ದಿನಗಳೂ ಒಂದೇ ತೆರನಾಗಿರಲಿಲ್ಲ. 2010ರ ವ್ಯಾಂಕೂವರ್‌ನಲ್ಲಿ ಅವರ ತಂಡ ಬಯಾಥ್ಲಾನ್ ಪದಕವಿಲ್ಲದೆ ಮರಳಿತು. ಅದೇ ವರ್ಷ ಅವರು ಆ ಹೊಣೆಯಿಂದ ನಿರ್ಗಮಿಸಿದರು. ಮುಂದೆ 2021ರಲ್ಲಿ ಜರ್ಮನಿಯ ಸಂಸತ್ತಿಗೆ ಆಯ್ಕೆಯಾಗಿ, ಅದರ ಕ್ರೀಡಾ ಸಮಿತಿಯ ಅಧ್ಯಕ್ಷರೂ ಆದರು.

ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟವರಿಗೆ, ಉಸಿರು ನೆಲೆಗೊಳ್ಳದೆ ನೋಟ ನಿಲ್ಲದೆಂಬುದು ಅನುಭವವೇದ್ಯ. ಹಿಮದ ನಾಡಿನ ಈ ಆಟಗಾರರು ಬೇರೊಂದು ಹಾದಿಯಲ್ಲಿ ಕಂಡುಕೊಂಡುದೂ ಅದನ್ನೇ. ಪರೀಕ್ಷೆಯಲ್ಲಿ ಒಂದೆರಡು ಅಂಕ ತಪ್ಪಿತೆಂದು ಮಕ್ಕಳು ಕಂಗೆಟ್ಟು ಕುಳಿತಾಗ, ತಂದೆತಾಯಿಗಳು ಗದರುವ ಮುನ್ನ ಈ ಕಥೆಯನ್ನು ಹೇಳಲಿ. ದಂಡದ ಸುತ್ತು ಮುಗಿದ ಮೇಲೂ ಹಾದಿ ಉಳಿದಿರುತ್ತದೆ.