ಕಾರಿನ ತೂಕ ಇಳಿಸಿದ ಮಿಲಾನಿನ ವಕೀಲ

ಜೇಮ್ಸ್ ಬಾಂಡ್‌ನ ಬೆಳ್ಳಿ ಬಣ್ಣದ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ಸಿನಿಮಾದಲ್ಲೋ ರೀಲ್ಸ್‌ನಲ್ಲೋ ನೋಡಿರ್ತೀರಿ. ಮುಂದಿನ ಸಲ ಕಂಡಾಗ ವಿಡಿಯೊ ನಿಲ್ಲಿಸಿ ಬಾನೆಟ್ಟಿನ ಅಂಚು ಗಮನಿಸಿ. ಪುಟ್ಟ ಅಕ್ಷರಗಳಲ್ಲಿ ‘ಸೂಪರ್‌ಲೆಜ್ಜೇರಾ’ ಅಂತಿರುತ್ತೆ. ಇಟಾಲಿಯನ್ ಭಾಷೆಯಲ್ಲಿ ಹಾಗಂದ್ರೆ ‘ತೀರಾ ಹಗುರ’. ಬ್ರಿಟಿಷ್ ಕಾರಿನ ಮೇಲೆ ಇಟಲಿಯ ಪದ ಬರೋದಕ್ಕೆ ಕಾರಣ ಮಿಲಾನ್ ನಗರದ ಒಂದು ವರ್ಕ್‌ಶಾಪು ಮತ್ತು ಅದನ್ನು ಕಟ್ಟಿದ ಒಬ್ಬ ವಕೀಲ.

ಆಗಿನ ಕಾಲದಲ್ಲಿ ದೊಡ್ಡ ಕಾರು ಕೊಳ್ಳೋ ರೀತಿಯೇ ಬೇರೆ. ಕಂಪನಿಯಿಂದ ಎಂಜಿನ್, ಚಕ್ರ, ಸ್ಟೀರಿಂಗ್ ಇರುವ ಬರೀ ಚಾಸಿ ಬರುತ್ತಿತ್ತು. ಬಾಡಿಯನ್ನು ಬೇರೆಯವರ ಹತ್ತಿರ ಕಟ್ಟಿಸಬೇಕಿತ್ತು. ಹೈವೇಯಲ್ಲಿ ಕ್ಯಾಬಿನ್ನೇ ಇಲ್ಲದ ಲಾರಿ ಚಾಸಿಯನ್ನು ಡ್ರೈವರ್ ಓಡಿಸಿಕೊಂಡು ಹೋಗೋದನ್ನು ಕಂಡಿದ್ದರೆ, ಹೆಚ್ಚುಕಮ್ಮಿ ಹಾಗೆಯೇ. ಹೀಗೆ ಬಾಡಿ ಕಟ್ಟುವ ಅಂಗಡಿಗೆ ಇಟಲಿಯಲ್ಲಿ ‘ಕರೊಝೇರಿಯಾ’ ಅಂತಾರೆ. ಮೂಲದಲ್ಲಿ ಅದು ಸಾರೋಟು ಮಾಡುವವರ ಕಸುಬು.

ಫೆಲೀಚೆ ಬಿಯಾಂಕಿ ಆಂಡರ್ಲೋನಿ ಓದಿದ್ದು ಕಾನೂನು, ಹುಚ್ಚು ಮಾತ್ರ ಕಾರಿನದು. 1926ರಲ್ಲಿ ಗೆಳೆಯ ಗಯೆತಾನೊ ಪೊಂಝೋನಿ ಜೊತೆ ಸೇರಿ ಮಿಲಾನಿನಲ್ಲಿ ‘ಫಾಲ್ಕೊ’ ಎಂಬ ಸಣ್ಣ ಕರೊಝೇರಿಯಾ ಕೊಂಡು, ಅದಕ್ಕೆ ‘ಟೂರಿಂಗ್’ ಅಂತ ಹೆಸರಿಟ್ಟರು. ಆಲ್ಫಾ ರೋಮಿಯೊ, ಐಸೊಟ್ಟಾ ಫ್ರಾಸ್ಕಿನಿ ಎರಡೂ ಅದೇ ಊರಿನ ಕಂಪನಿಗಳು. ಹಾಗಾಗಿ ಚಾಸಿಗೆ ದೂರ ಹೋಗಬೇಕಿರಲಿಲ್ಲ.

ಆಗಿನ ಬಾಡಿಗಳದ್ದು ಮರದ ಚೌಕಟ್ಟು, ಅದಕ್ಕೆ ಮೊಳೆ ಹೊಡೆದ ತಗಡು. ಭಾರ ಜಾಸ್ತಿ. ರಸ್ತೆ ಕೆಟ್ಟಿದ್ದರೆ ಕೀಲುಗಳೆಲ್ಲ ಕಿರ್ ಕಿರ್ ಅನ್ನೋವು. ಆಂಡರ್ಲೋನಿ ಮೊದಲು ಫ್ರಾನ್ಸಿನ ವೇಮನ್ ಪದ್ಧತಿಯ ಲೈಸೆನ್ಸ್ ತಂದರು. ಅದರಲ್ಲಿ ಮರದ ತುಂಡುಗಳು ಒಂದಕ್ಕೊಂದು ತಾಗುವುದಿಲ್ಲ, ನಡುವೆ ಲೋಹದ ಪಟ್ಟಿ ಇರುತ್ತದೆ. ಮೇಲೆ ತಗಡಿನ ಬದಲು ಬಟ್ಟೆ. ಹಗುರವಾಯಿತು, ಸದ್ದೂ ಅಡಗಿತು. ಆದರೆ ಬಟ್ಟೆಯಲ್ಲಿ ಬೇಕಾದ ಹಾಗೆ ಉಬ್ಬು ತಗ್ಗು ತರೋಕಾಗಲ್ಲ, ಬಾಳಿಕೆಯೂ ಕಡಿಮೆ.

ಅಲ್ಲಿಂದ ಅವರು ಬಂದು ನಿಂತದ್ದು ಸೂಪರ್‌ಲೆಜ್ಜೇರಾಕ್ಕೆ. 1930ರ ದಶಕದ ಮಧ್ಯದಲ್ಲಿ ಟೂರಿಂಗ್ ಇದಕ್ಕೆ ಪೇಟೆಂಟ್ ಪಡೆಯಿತು. ಸಣ್ಣ ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ಬೆಸೆದು, ಕಾರಿನ ಆಕಾರದ ಪಂಜರ ಕಟ್ಟೋದು. ಅದರ ಮೇಲೆ ಸುತ್ತಿಗೆಯಿಂದ ಬಡಿದು ರೂಪ ಕೊಟ್ಟ ಅಲ್ಯೂಮಿನಿಯಂ ಹಾಳೆ. ಹಾಳೆಯ ಅಂಚನ್ನು ಕೊಳವೆಗೆ ಸುತ್ತಿ ಮಡಚೋದು. ಉಕ್ಕೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗಿದರೆ ತೇವಕ್ಕೆ ಲೋಹ ತಿಂದುಹೋಗುತ್ತೆ, ಅದಕ್ಕೇ ನಡುವೆ ಬಟ್ಟೆ. ಭಾರ ಹೊರೋದು ಪಂಜರ, ಗಾಳಿ ಸೀಳೋದು ಹಾಳೆ. ಕಾರು ಓಡುವಾಗ ಗಾಳಿ ಎಲ್ಲಿ ತಡೆಯುತ್ತೆ ಅಂತ ನೋಡೋಕೆ ಮೈಗೆಲ್ಲ ಬಟ್ಟೆಯ ಚೂರು ಅಂಟಿಸಿ, ರಸ್ತೆಯಲ್ಲೇ ಓಡಿಸಿ, ಫೋಟೊ ತೆಗೆದು ಪರೀಕ್ಷಿಸುತ್ತಿದ್ದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ!

ಫಲ ರೇಸಿನಲ್ಲಿ ಕಂಡಿತು. ‘ಮಿಲ್ಲೆ ಮಿಲ್ಯಾ’ ಅಂದರೆ ಸಾವಿರ ಮೈಲಿ. ಬ್ರೆಷಾ ಊರಿಂದ ರೋಮ್‌ಗೆ ಹೋಗಿ ವಾಪಸ್ ಬರುವ, ಸಾಮಾನ್ಯ ರಸ್ತೆಗಳಲ್ಲೇ ನಡೆಯುವ ರೇಸು. 1938ರಲ್ಲಿ ಬಿಯೊಂಡೆಟ್ಟಿ ಟೂರಿಂಗ್ ಬಾಡಿಯ ಆಲ್ಫಾ 8ಸಿ 2900ಬಿ ಓಡಿಸಿ 12 ಗಂಟೆಯೊಳಗೇ ಅದನ್ನು ಮುಗಿಸಿ ಗೆದ್ದ. ಆದರೆ ಅದೇ ರೇಸಿನಲ್ಲಿ ಬೊಲೊನ್ಯಾದಲ್ಲಿ ಬೇರೊಂದು ಕಾರು ಜನರ ಮೇಲೆ ನುಗ್ಗಿ ಹತ್ತು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಮುಸೊಲಿನಿ ಸರ್ಕಾರ ರೇಸನ್ನೇ ನಿಲ್ಲಿಸಿತು.

1940ರ ಏಪ್ರಿಲ್ 28ರಂದು ಅದು ಬ್ರೆಷಾ, ಕ್ರೆಮೋನಾ, ಮಾಂಟುವಾ ನಡುವಿನ ಸುತ್ತುದಾರಿಯಲ್ಲಿ ಮತ್ತೆ ನಡೆಯಿತು. ಯುರೋಪಿನಲ್ಲಿ ಆಗಲೇ ಯುದ್ಧ. ಗೆದ್ದದ್ದು ಜರ್ಮನಿಯ ಬಿಎಂಡಬ್ಲ್ಯು 328, ಗಂಟೆಗೆ ಸರಾಸರಿ 166 ಕಿ.ಮೀ.ಗೂ ಹೆಚ್ಚು ವೇಗದಲ್ಲಿ. ಬಾಡಿ ಮಾತ್ರ ಮಿಲಾನಿನ ಟೂರಿಂಗ್‌ದು. ಓಡಿಸಿದ ಫಾನ್ ಹಾನ್‌ಸ್ಟೈನ್‌ನ ಬಿಳಿ ಅಂಗಿಯ ಮೇಲೆ ನಾಜಿಗಳ ಎಸ್‌ಎಸ್ ಚಿಹ್ನೆ ಇತ್ತು. ಚೆಂದದ ಕಾರಿನ ಆ ಫೋಟೊ ನೋಡುವಾಗ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ, ಏನು ಮಾಡೋದು.

ಅದೇ ರೇಸಿನಲ್ಲಿ ‘815’ ಎಂಬ ಎರಡು ಹೊಸ ಕಾರುಗಳಿದ್ದವು. ಒಂದನ್ನು ಓಡಿಸಿದ್ದು ಆಲ್ಬೆರ್ತೊ ಅಸ್ಕಾರಿ, ಮುಂದೆ ವಿಶ್ವ ಚಾಂಪಿಯನ್ ಆದವನು. ಕಾರು ಕಟ್ಟಿಸಿದ್ದು ಎಂಝೊ ಫೆರಾರಿ. ಆಲ್ಫಾ ಬಿಡುವಾಗಿನ ಒಪ್ಪಂದದಿಂದಾಗಿ ಸ್ವಂತ ಹೆಸರು ಬಳಸುವಂತಿರಲಿಲ್ಲ. ಅದರ ಬಾಡಿಯೂ ಟೂರಿಂಗ್‌ದೇ. ಎರಡೂ ಕಾರು ಕೆಟ್ಟು ರೇಸಿನಿಂದ ಹೊರಬಿದ್ದವು. ಆರು ವಾರದಲ್ಲಿ ಇಟಲಿಯೂ ಯುದ್ಧಕ್ಕಿಳಿಯಿತು.

ಆಂಡರ್ಲೋನಿ 1948ರಲ್ಲಿ ತೀರಿಕೊಂಡರು. ಮಗ ಕಾರ್ಲೊ ಫೆಲೀಚೆ ಮುಂದುವರಿಸಿದರು. ಅದೇ ವರ್ಷ ಟ್ಯೂರಿನ್ ಪ್ರದರ್ಶನದಲ್ಲಿ ಟೂರಿಂಗ್ ಬಾಡಿಯ ಫೆರಾರಿ 166 ಎಂಎಂ ಬಂತು. ಹತ್ತು ವರ್ಷದ ನಂತರ ಆಸ್ಟನ್ ಮಾರ್ಟಿನ್ ಅವರ ಲೈಸೆನ್ಸ್ ಪಡೆದು ಡಿಬಿ4 ಕಟ್ಟಿತು, ಆಮೇಲೆ ಡಿಬಿ5. ಅಷ್ಟರಲ್ಲಿ ಕಾರು ಕಂಪನಿಗಳು ಚಾಸಿ, ಬಾಡಿ ಎರಡನ್ನೂ ಒಂದೇ ಆಗಿ ಪ್ರೆಸ್‌ನಲ್ಲಿ ಒತ್ತಿ ಬೆಸೆಯತೊಡಗಿದ್ದವು. ಹೊರಗಿನವರಿಗೆ ಕೊಡಲು ಬರೀ ಚಾಸಿ ಎಲ್ಲಿ ಉಳಿಯಿತು? ಬಾಂಡ್ ಆ ಕಾರು ಓಡಿಸಿದ ‘ಗೋಲ್ಡ್‌ಫಿಂಗರ್’ 1964ರದು. ಮಿಲಾನಿನ ವರ್ಕ್‌ಶಾಪು 1966ರಲ್ಲಿ ಮುಚ್ಚಿತು.