ಲೆಕ್ಕದಲ್ಲಿ ಮೂಡುವ ಟೆರಾಹರ್ಟ್ಸ್ ಚಿತ್ರ

ಮೈಕ್ರೋವೇವ್‌ಗೂ ಅವಕೆಂಪು ಬೆಳಕಿಗೂ ನಡುವೆ ಬರುವ ಅಲೆಗಳಿಗೆ ಟೆರಾಹರ್ಟ್ಸ್ ಅಲೆಗಳೆಂದು ಹೆಸರು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಕಂಪಿಸಿದರೆ 1 ಟೆರಾಹರ್ಟ್ಸ್. ಆಗ ಅಲೆಯ ಉದ್ದ 0.3 ಮಿಲಿಮೀಟರ್. ಇಚಲಕರಂಜಿಯ ಮಗ್ಗಗಳಲ್ಲಿ ನೇಯ್ದ ಹತ್ತಿ ಬಟ್ಟೆಯ ಮಡಿಕೆಯನ್ನು ಈ ಅಲೆ ಸಲೀಸಾಗಿ ದಾಟುತ್ತದೆ. ರಟ್ಟು, ಪ್ಲಾಸ್ಟಿಕ್ಕುಗಳೂ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಬಟ್ಟೆ ಒದ್ದೆಯಾಗಿದ್ದರೆ ನೀರು ಅಲೆಯನ್ನು ಹೀರಿಕೊಳ್ಳುತ್ತದೆ. ಲೋಹವಂತೂ ಅದನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹಾಗಾಗಿ ಕೊಲ್ಹಾಪುರದ ಫೌಂಡ್ರಿಗಳಲ್ಲಿ ಎರಕ ಹೊಯ್ದ ಬಿಡಿಭಾಗದ ಒಳಗಿನ ಪೊಳ್ಳನ್ನು ಹುಡುಕಲು ಇದು ಒದಗದು.

1995ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೂ ಮತ್ತು ನಸ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನಿಕ್ ಚಿಪ್ಪಿನ ಮತ್ತು ಗಿಡದ ಎಲೆಯ ಟೆರಾಹರ್ಟ್ಸ್ ಚಿತ್ರಗಳನ್ನು ಪಡೆದರು. ಆಗತಾನೇ ಕಿತ್ತ ಎಲೆಯನ್ನೂ ಎರಡು ದಿನ ಒಣಗಿದ ಅದೇ ಎಲೆಯನ್ನೂ ಹೋಲಿಸಿದಾಗ ನೀರು ಎಲ್ಲೆಲ್ಲಿ ಆರಿದೆ ಎಂಬುದು ಕಂಡಿತು. ಅವರ ವಿಧಾನದಲ್ಲಿ ಒಂದೇ ಡಿಟೆಕ್ಟರ್ ಇದ್ದು, ವಸ್ತುವನ್ನು ಚುಕ್ಕಿ ಚುಕ್ಕಿಯಾಗಿ ಅಳೆಯಬೇಕಿತ್ತು. ಮೊಬೈಲ್ ಕ್ಯಾಮೆರಾದಲ್ಲಿರುವಂತೆ ಲಕ್ಷಗಟ್ಟಲೆ ಪಿಕ್ಸೆಲ್‌ಗಳ ಅಗ್ಗದ ಸೆನ್ಸರ್ ಈ ಅಲೆಗಳಿಗೆ ಸಿಗುವುದಿಲ್ಲ. ಆ ಕೊರತೆಯನ್ನು ತುಂಬಲು ಗಣಿತದ ನೆರವು ಬೇಕಾಯಿತು.

ಬೆಲ್ಲದ ಪೆಂಟೆಗಳನ್ನು ತೂಗುವ ಉದಾಹರಣೆಯಿಂದ ಈ ಗಣಿತ ತಿಳಿಯುತ್ತದೆ. ಕೊಲ್ಹಾಪುರ, ಗಡಹಿಂಗ್ಲಜ ಸೀಮೆಯ ಮೂರು ಪೆಂಟೆಗಳಿವೆ ಎನ್ನೋಣ. ಒಂದೊಂದನ್ನೇ ತೂಗುವ ಬದಲು ಎರಡೆರಡು ಸೇರಿಸಿ ತೂಗಿದರೆ, ಮೊದಲನೆಯದೂ ಎರಡನೆಯದೂ ಕೂಡಿ 20 ಕಿಲೋ, ಎರಡನೆಯದೂ ಮೂರನೆಯದೂ ಕೂಡಿ 21, ಮೊದಲನೆಯದೂ ಮೂರನೆಯದೂ ಕೂಡಿ 19. ಒಟ್ಟು 60. ಪ್ರತಿ ಪೆಂಟೆ ಎರಡು ಸಲ ತಕ್ಕಡಿ ಏರಿದ್ದರಿಂದ ನಿಜವಾದ ಒಟ್ಟು ತೂಕ 30. ಅದರಲ್ಲಿ ಒಂದೊಂದು ಜೋಡಿಯ ತೂಕ ಕಳೆದರೆ ಪೆಂಟೆಗಳು ಕ್ರಮವಾಗಿ 9, 11, 10 ಕಿಲೋ. ತೂಗಿದ್ದು ಮೂರೇ ಸಲ. ಆದರೂ ತಕ್ಕಡಿಯ ಸಣ್ಣ ಏರುಪೇರಿನಿಂದಾಗುವ ತಪ್ಪು ಒಂಟಿಯಾಗಿ ತೂಗಿದಾಗಿನದಕ್ಕಿಂತ ಕಡಿಮೆ. ಪೆಂಟೆಗಳು ಹೆಚ್ಚಿದಷ್ಟೂ ಲಾಭವೂ ಹೆಚ್ಚು. ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಯೇಟ್ಸ್ 1935ರಲ್ಲಿ ಈ ಜಾಣ್ಮೆಯನ್ನು ತೋರಿಸಿದರು. 1944ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಅದನ್ನು ಬೆಳೆಸಿದರು.

ಪೆಂಟೆಯ ಜಾಗದಲ್ಲಿ ಚಿತ್ರದ ಚುಕ್ಕಿ, ತಕ್ಕಡಿಯ ಜಾಗದಲ್ಲಿ ಡಿಟೆಕ್ಟರ್ ಬಂದರೆ ಅದೇ ಒಂದೇ ಪಿಕ್ಸೆಲ್ಲಿನ ಕ್ಯಾಮೆರಾ. 2008ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡವು ತಾಮ್ರದ ಲೇಪವಿದ್ದ ಸರ್ಕ್ಯೂಟ್ ಬೋರ್ಡುಗಳಿಂದ ಬಗೆಬಗೆಯ ಜಾಲರಿಗಳನ್ನು ಮಾಡಿ ಟೆರಾಹರ್ಟ್ಸ್ ಕಿರಣಕ್ಕೆ ಅಡ್ಡ ಹಿಡಿಯಿತು. ಪ್ರತಿ ಜಾಲರಿಯೂ ಕೆಲವು ಚುಕ್ಕಿಗಳನ್ನಷ್ಟೇ ದಾಟಲು ಬಿಡುವುದರಿಂದ, ಜಾಲರಿಗೊಂದರಂತೆ ಕೂಡಿದ ಅಳತೆ. ಬಹುಪಾಲು ಚಿತ್ರಗಳಲ್ಲಿ ನಿಜವಾದ ಮಾಹಿತಿ ಕೆಲವೇ ಸಂಖ್ಯೆಗಳಲ್ಲಿ ಅಡಗಿರುವುದರಿಂದ, ಚುಕ್ಕಿಗಳಿಗಿಂತ ಕಡಿಮೆ ಅಳತೆಗಳೂ ಸಾಲುತ್ತವೆ. ಕಾಂಡೆಸ್, ರೋಮ್‌ಬರ್ಗ್, ಟಾವ್ ಮತ್ತು ಡೊನೊಹೊ ಎಂಬ ಸಂಶೋಧಕರು 2006ರಲ್ಲಿ ಇದಕ್ಕೆ ಗಣಿತದ ಬುನಾದಿ ಹಾಕಿದ್ದರು.

ವಸ್ತುವಿನ ಒಳಗನ್ನು ಮೂರು ಆಯಾಮಗಳಲ್ಲಿ ಕಾಣಲು ಬಳಸುವ ಲೆಕ್ಕದಲ್ಲಿ ಬೆಂಗಳೂರಿನ ಪಾಲಿದೆ. ಸುತ್ತಲಿನಿಂದ ಪಡೆದ ನೆರಳುಗಳಿಂದ ಒಳಗಿನ ಆಕಾರವನ್ನು ಕಂಡುಹಿಡಿಯಬಹುದೆಂದು 1917ರಲ್ಲಿ ಗಣಿತಜ್ಞ ಯೋಹಾನ್ ರೇಡಾನ್ ತೋರಿಸಿದ್ದರು. ಆದರೆ ನೆರಳುಗಳನ್ನು ಸುಮ್ಮನೆ ಒಂದರ ಮೇಲೊಂದು ಹರಡಿದರೆ ಚಿತ್ರ ಮಸುಕಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಪ್ರತಿ ನೆರಳನ್ನೂ ಮೊದಲು ಒಂದು ಸರಳ ಸೋಸುವಿಕೆಗೆ ಒಳಪಡಿಸಿ, ಬಳಿಕ ಹರಡುವ ವಿಧಾನ ಕೊಟ್ಟರು. ನೆರಳನ್ನು ಅಲೆಗಳಾಗಿ ಬಿಡಿಸಿ ನೋಡುವ ಫೂರಿಯೇ ರೂಪಾಂತರದ ದೀರ್ಘ ಲೆಕ್ಕದ ಅಗತ್ಯ ತಪ್ಪಿತು. ಅಂದಿನ ಸಣ್ಣ ಕಂಪ್ಯೂಟರುಗಳಿಗೆ ಅದು ದೊಡ್ಡ ಉಳಿತಾಯ. ಇಬ್ಬರ ಹೆಸರಿನ 'ರಾಮ್-ಲಾಕ್' ಫಿಲ್ಟರ್ ಇಂದಿಗೂ ಸಿ.ಟಿ. ಸ್ಕ್ಯಾನ್ ಪಠ್ಯಗಳಲ್ಲಿದೆ. 2002ರಲ್ಲಿ ನೆರಳುಗಳಿಂದ ವಸ್ತುವಿನ ಒಳಗನ್ನು ಕಾಣುವ ಟೆರಾಹರ್ಟ್ಸ್ ಟೊಮೊಗ್ರಫಿ ಬಂದಾಗ ಇದೇ ಬಗೆಯ ಲೆಕ್ಕ ಕೈಹಿಡಿಯಿತು.

ಒಂದು ತೊಡಕು ಉಂಟು. ಎಕ್ಸ್-ರೇ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಟೆರಾಹರ್ಟ್ಸ್ ಅಲೆ ಪ್ಲಾಸ್ಟಿಕ್ಕಿನಂಥ ವಸ್ತುವಿನ ಅಂಚಿನಲ್ಲಿ ಬಾಗುತ್ತದೆ, ಚದುರುತ್ತದೆ. ನೇರ ಗೆರೆಯನ್ನು ನಂಬಿದ ಲೆಕ್ಕ ಅಲ್ಲಿ ತಪ್ಪುತ್ತದೆ. ಆಗ ಕಂಪ್ಯೂಟರ್ ಒಂದು ಚಿತ್ರವನ್ನು ಊಹಿಸಿ, ಅದರಿಂದ ಬರಬೇಕಾದ ಅಳತೆಗಳನ್ನು ನಿಜವಾದ ಅಳತೆಗಳೊಡನೆ ತಾಳೆ ನೋಡಿ, ಊಹೆಯನ್ನು ಮತ್ತೆ ಮತ್ತೆ ತಿದ್ದುತ್ತದೆ.

ಈಚೆಗೆ ಈ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುವ ಉತ್ಸಾಹ ಹೆಚ್ಚಿದೆ. ತರಬೇತಿ ಪಡೆದ ಪ್ರೋಗ್ರಾಂ ಮಸುಕನ್ನು ಚೊಕ್ಕ ಮಾಡುವುದು ನಿಜ. ಆದರೆ ಡಿಟೆಕ್ಟರಿಗೆ ಮುಟ್ಟದೇ ಹೋದ ವಿವರವನ್ನು ಅದು ಹಿಂದೆ ನೋಡಿದ ಚಿತ್ರಗಳ ಆಧಾರದ ಮೇಲೆ ತುಂಬಿಬಿಡಬಲ್ಲದು. ಇಲ್ಲದ ಬಿರುಕು ಕಾಣಬಹುದು, ಇದ್ದದ್ದು ಮಾಯವಾಗಬಹುದು. ಎಷ್ಟು ಅಳತೆಗಳಿಂದ, ಯಾವ ಲೆಕ್ಕದಿಂದ ಮೂಡಿದ್ದು ಎಂಬ ವಿವರ ಜೊತೆಗಿದ್ದರೆ ಮಾತ್ರ ಇಂಥ ಚಿತ್ರವನ್ನು ಪುರಾವೆಯಾಗಿ ಒಪ್ಪಬೇಕು.