ಲಕ್ಕಿ ಎಲೆಯ ಪರೀಕ್ಷೆ

ಕೋಲಾರದ ಚಿನ್ನದ ಗಣಿ, ಬಂಗಾರಪೇಟೆಗಳ ಕಡೆ ಕನ್ನಡದ ಲಕ್ಕಿ ಗಿಡವನ್ನು ತೆಲುಗಿನಲ್ಲಿ ವಾವಿಲಿ, ತಮಿಳಿನಲ್ಲಿ ನೊಚ್ಚಿ ಎನ್ನುವರು. ಬಾತ ಕೀಲಿಗೆ ಇದರ ಎಲೆಯನ್ನು ಬಿಸಿಮಾಡಿ ಕಟ್ಟುವುದು ಹಳೆಯ ರೂಢಿ. ಬಾವು ಇಳಿಯಿತೆನ್ನೋಣ, ಅದು ಎಲೆಯ ಗುಣವೆ, ತಾನಾಗಿಯೇ ಇಳಿದುದೆ?

ಇಂಥ ಸಂಶಯವನ್ನು ಪರಿಹರಿಸಲು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಒಂದು ಗುಂಪಿನ ಇಲಿಗಳಿಗೆ ಎಲೆಯ ಸಾರವನ್ನೂ ಇನ್ನೊಂದಕ್ಕೆ ಬರಿಯ ನೀರನ್ನೂ ಕುಡಿಸಿ, ಕಡಲಪಾಚಿಯಿಂದ ದೊರೆಯುವ ಕ್ಯಾರಜೀನನ್ ದ್ರಾವಣವನ್ನು ಪಾದಕ್ಕೆ ಚುಚ್ಚುವರು. ಪಾದ ಬಾತುಕೊಳ್ಳುತ್ತದೆ. ಅದನ್ನು ದ್ರವದಲ್ಲಿ ಮುಳುಗಿಸಿ, ಸರಿದ ದ್ರವವನ್ನು ಗಂಟೆಗಂಟೆಗೂ ಅಳೆಯುವರು. ಆರ್ಕಿಮಿಡೀಸನ ಉಪಾಯವೇ ಇದು. ಎರಡು ಗುಂಪುಗಳ ವ್ಯತ್ಯಾಸವೇ ಎಲೆಯ ಪಾಲು.

ಇಂಥ ಪರೀಕ್ಷೆಗಳಲ್ಲಿ ಲಕ್ಕಿ ಎಲೆಯ ಸಾರವು ಬಾವನ್ನು ತಗ್ಗಿಸಿದೆ. ಆದರೆ ಕುಡಿಸಿದ ಸಾರ ಕಟ್ಟಿದ ಎಲೆಯಲ್ಲ, ಇಲಿ ಮನುಷ್ಯನೂ ಅಲ್ಲ. ಮನುಷ್ಯರಲ್ಲಿಯೂ ಹೀಗೆಯೇ ಹೋಲಿಸಿ ನೋಡಿದಾಗಲೇ ರೂಢಿಯು ಔಷಧವೆನಿಸೀತು.